ಪುಣ್ಯಾತ್ಮನನ್ನು ಎಲ್ಲಿಂದ ಹಿಡಿದು ತರಲಿ?

ಮಾನ್ಯ ಕ್ಲೇಮು ಅಧಿಕಾರಿಗಳೇ,

ನನ್ನ ಅಕ್ಕನ ಸ್ಕೂಟರಿಗೆ ಕಾರು ಗುದ್ದಿಸಿ ಪರಾರಿಯಾದವನ ಹೆಸರು ‘ಪುಣ್ಯಾತ್ಮ’ ಎಂದು ತಮ್ಮ ವಿಮಾ ಕಚೇರಿ ಪತ್ತೆಹಚ್ಚಿದೆ. ಪೊಲೀಸರಿಂದಲೂ ಆಗದ ಕೆಲಸವನ್ನು ಕುರ್ಚಿಯಿಂದ ಏಳದೆಯೇ ಸಾಧಿಸಿದ್ದೀರಿ, ಅಭಿನಂದನೆ. ಆದರೆ ಅದೇ ನೆಪದಲ್ಲಿ ಅಕ್ಕನ ಮೊಣಕಾಲಿನ ಆಪರೇಷನ್ನಿಗೆ ಒಪ್ಪಿಗೆ ತಡೆಹಿಡಿದಿದ್ದೀರಲ್ಲ, ಜಗಳ ಇರುವುದು ಅಲ್ಲಿ.

ಗುದ್ದಿದವರು ಯಾರೆಂದು ಗೊತ್ತಾಗದಿದ್ದರೆ, ಅಥವಾ ಅವರ ಗಾಡಿಗೆ ವಿಮೆಯೇ ಇಲ್ಲದಿದ್ದರೆ, ಚಿಕಿತ್ಸೆಯ ಖರ್ಚು ಕಂಪನಿಯದು ಎಂಬ ಮಾತನ್ನು ನಂಬಿ ಅಕ್ಕ ತಮ್ಮಲ್ಲಿ ಪಾಲಿಸಿ ಮಾಡಿಸಿದ್ದಳು. ಅವಳು ದರ್ಜಿ. ಹೊಲಿದ ಬಟ್ಟೆ ಕೊಟ್ಟುಬರಲು ಹೊರಟವಳನ್ನು ತಿರುವಿನಲ್ಲಿ ಕಾರೊಂದು ಕೆಡವಿ ಹೋಯಿತು. ಆಸ್ಪತ್ರೆಯ ಗುಮಾಸ್ತರು, “ಯಾರಮ್ಮ ಗುದ್ದಿದ್ದು?” ಎಂದರು. ಅಕ್ಕ ಹಲ್ಲು ಕಚ್ಚಿಕೊಂಡು, “ಯಾರೋ ಪುಣ್ಯಾತ್ಮ. ತಿರುಗೂ ನೋಡ್ದೆ ಹೋದ” ಎಂದಳು. ಗುಮಾಸ್ತರು ಶ್ರದ್ಧೆಯಿಂದ ಬರೆದುಕೊಂಡರು: ‘ಪುಣ್ಯಾತ್ಮ ಎಂಬುವರು ಗುದ್ದಿರುತ್ತಾರೆ.’ ‘ಯಾರೋ’ ಎನ್ನುವುದು ಪೆನ್ನಿನಿಂದ ಎಲ್ಲೋ ಜಾರಿಬಿತ್ತು.

ಆಮೇಲೆ ತಮ್ಮ ಮೇಜಿನ ಮುಂದೆ ನಡೆದ ಶಾಸ್ತ್ರಚರ್ಚೆಯನ್ನು ತಾವು ಮರೆತಿರಬಹುದು, ನಾನು ಮರೆತಿಲ್ಲ.

“ಹೆಸರೇ ಗೊತ್ತಿದೆ ಅಂದ್ಮೇಲೆ ಅವನು ಅಪರಿಚಿತ ಹೇಗಾಗ್ತಾನೆ? ಅವನ ವಿಳಾಸ ತಗೊಂಡ್ಬಾ.”

“ಸಾರ್, ಅದು ಹೆಸರಲ್ಲ, ಬೈಗುಳ.”

“ಬೈಗುಳ ಅಂದ್ರೆ ಕೆಟ್ಟದಾಗಿರ್ಬೇಕಲ್ವಾ? ಇದು ಒಳ್ಳೇ ಪದ ಕಣಪ್ಪ.”

ತಮ್ಮನ್ನು ಇದುವರೆಗೆ ಯಾರೂ ‘ಮಹಾನುಭಾವ’ ಎಂದು ಕರೆದಿಲ್ಲವೇ? ಕರೆದಾಗ ಅದನ್ನು ಹೊಗಳಿಕೆಯೆಂದು ಜೇಬಿಗಿಳಿಸಿಕೊಂಡಿರಾ? ಗುಮಾಸ್ತರು ತಪ್ಪೊಪ್ಪಿಕೊಂಡು ತಿದ್ದಿಕೊಟ್ಟರೂ ‘ಮೊದಲ ಹೇಳಿಕೆಯೇ ಅಂತಿಮ’ ಎಂದಿರಿ. ಮೂಳೆ ಮುರಿದವಳು ವ್ಯಾಕರಣ ನೋಡಿಕೊಂಡು ನರಳಬೇಕಿತ್ತೇ?

ತಮ್ಮ ಆಜ್ಞೆಯನ್ನು ನಾನೇನೂ ಕಡೆಗಣಿಸಲಿಲ್ಲ. ಅದೇ ತಿರುವಿನಲ್ಲಿ ನಿಂತು, ನಿಧಾನವಾದ ಕಾರುಗಳ ಕಿಟಕಿಗೆಲ್ಲ ಬಗ್ಗಿ, “ತಾವೇನಾ ಪುಣ್ಯಾತ್ಮರು?” ಎಂದು ವಿನಯದಿಂದ ವಿಚಾರಿಸಿದೆ. ಒಬ್ಬರು ಚಿಲ್ಲರೆ ಕೊಟ್ಟರು. ಎದುರಿನ ಪಂಕ್ಚರ್ ಅಂಗಡಿಯವರು ನಕ್ಕು, “ಬಾರೋ ಈಚೆ. ನಿನ್ನನ್ನೂ ಒಬ್ಬ ಗುದ್ದಿ ಹೋದ್ರೆ ನಿಮ್ಮಕ್ಕನ್ನ ನೋಡ್ಕೊಳ್ಳೋರು ಯಾರೋ?” ಎಂದು ರಟ್ಟೆ ಹಿಡಿದು ಎಳೆದರು. ಅಲ್ಲಿಗೆ ನನ್ನ ತಮಾಷೆ ಮುಗಿಯಿತು.

ಏಕೆಂದರೆ ತಡವಾದಷ್ಟೂ ಕಾಲು ಬಿಗಿದುಕೊಳ್ಳುತ್ತದೆ, ಆಮೇಲೆ ಮಡಚಲಾಗದು ಎಂದು ಡಾಕ್ಟರು ಸ್ಪಷ್ಟವಾಗಿ ಹೇಳಿದ್ದಾರೆ. ಮಡಚದ ಕಾಲಿನಿಂದ ಹೊಲಿಗೆಯಂತ್ರ ತುಳಿಯುವುದು ಹೇಗೆ? ಗಿರಾಕಿಗಳು ಒಬ್ಬೊಬ್ಬರಾಗಿ ಬಂದು, ಕತ್ತರಿಸಿದ ಬಟ್ಟೆಯನ್ನು ಹಾಗೆಯೇ ವಾಪಸು ಒಯ್ಯುತ್ತಿದ್ದಾರೆ. ಅವರದೇನು ತಪ್ಪು?

ಇನ್ನೊಂದು ಸಂಗತಿ ಇದೆ, ಇದರಲ್ಲಿ ನಗುವಂಥದ್ದೇನೂ ಇಲ್ಲ. ನನ್ನಕ್ಕನ ಬಾಯಿಗೆ ಬೀದಿಯೇ ಹೆದರುತ್ತಿತ್ತು. ಮೊನ್ನೆ ನರ್ಸಮ್ಮ ಬಂದು, “ನೋವು ಹೇಗಿದೆ?” ಎಂದಾಗ ಅವಳು ನನ್ನ ಕಡೆ ತಿರುಗಿ, ಪಿಸುಮಾತಿನಲ್ಲಿ ಕೇಳಿದಳು: “ಏನಂತ ಹೇಳ್ಲೋ? ಏನ್ ಹೇಳಿದ್ರೆ ತೊಂದ್ರೆ ಇಲ್ಲ?”

ಆದ್ದರಿಂದ ಆ ಒಂದು ಪದವನ್ನು ಹೊಡೆದುಹಾಕಿ ‘ಅಪರಿಚಿತ ಚಾಲಕ’ ಎಂದು ಬರೆಯಿರಿ. ಈ ವಾರವೇ ಒಪ್ಪಿಗೆ ಕೊಡಿ. ಕೊಟ್ಟ ಮೇಲೆ ದಯವಿಟ್ಟು ಆಸ್ಪತ್ರೆಗೆ ಖುದ್ದಾಗಿ ಬನ್ನಿ. ಅವಳು ತಮ್ಮನ್ನು ಬಾಯ್ತುಂಬ ಬೈಯುವುದನ್ನು ನಾನು ಕೇಳಬೇಕಾಗಿದೆ.

ಇಂತಿ,
ತಮ್ಮ ವಿಶ್ವಾಸಿ ಎಂದು ಬರೆಯಲು ಕೈಬಾರದ,
ಬರೀ ಅಕ್ಕನ ತಮ್ಮ