ಅಳತೆಯ ನೀರು, ಅಂಗಳದ ಅಬ್ಬಲಿಗೆ

ಪ್ರೀತಿಯ ಶೀನಣ್ಣ,

ನಾನು, ನಿಮ್ಮ ಪಕ್ಕದ ಹಾಸಿಗೆಯ ಕೋಟದ ಗಿರಿಜಾ. ಡಯಾಲಿಸಿಸ್ ಯಂತ್ರ ಈಗಲೂ ವಾರಕ್ಕೆರಡು ಸಲ ನನ್ನ ರಕ್ತ ತೊಳೆಯುತ್ತದೆ. ನಿಮ್ಮ ಹಾಸಿಗೆಗೆ ಬೈಂದೂರಿನ ಮೇಷ್ಟರೊಬ್ಬರು ಬಂದಿದ್ದಾರೆ. ಒಳ್ಳೆಯವರು, ಆದರೆ ಮಾತೇ ಇಲ್ಲ. ನಾಲ್ಕು ತಾಸು ಹೇಗೆ ಕಳೆಯಲಿ ಹೇಳಿ?

ಮೊದಲ ವಾರ ನೆನಪಿದೆಯಾ? ಮೈಯಲ್ಲಿ ನೀರು ನಿಂತು ನನ್ನ ತೂಕ ಮೂರು ಕಿಲೋ ಏರಿತ್ತು. ನರ್ಸಮ್ಮ ಗದರಿದರೆ, ನೀರು ಮುಟ್ಟಿಲ್ಲವೆಂದು ದೇವರಾಣೆ ಹಾಕಿದೆ. ನೀವು ಮಲಗಿದಲ್ಲಿಂದಲೇ ಕೇಳಿದಿರಿ: "ಹೆಣೆ, ಗಂಜಿ ತಿಳಿ ಕುಡ್ದ್ಯಾ?" ಕುಡಿದಿದ್ದೆ. "ಬೊಂಡ?" ಎಳನೀರು ದಿನಕ್ಕೆರಡು, ಕಿಡ್ನಿಗೆ ತಂಪು ಅಂತ ನೆಂಟರೆಲ್ಲ ತಂದು ಸುರಿದಿದ್ದರು. "ಅದೆಲ್ಲ ನೀರಲ್ದೆ ಕಲ್ಲಾ ಮಾರಾಯ್ತಿ? ನಮ್ಗೆ ಬೊಂಡ ವಿಷ." ಮೀನು ಮಾರಿ ಪಳಗಿದ ಬಾಯಿ ನಿಮ್ಮದು, ಇಡೀ ವಾರ್ಡಿಗೆ ಕೇಳಿಸಿತು. ನನಗೆ ಸಿಟ್ಟು ಬಂದಿತ್ತು.

ಆಮೇಲೆ ಉಪಾಯ ಕಲಿಸಿದ್ದೂ ನೀವೇ. ದಿನಕ್ಕೆ ಕುಡಿಯಬಹುದಾದ ಅಳತೆಯ ನೀರನ್ನು ಬೆಳಿಗ್ಗೆಯೇ ಬಾಟಲಿಗೆ ತುಂಬಿಡಬೇಕು. ಚಾ ಕುಡಿದರೆ ಅಷ್ಟೇ ನೀರನ್ನು ಬಾಟಲಿಯಿಂದ ಗಿಡಕ್ಕೆ ಚೆಲ್ಲಬೇಕು. ಅಂಗಳದ ಅಬ್ಬಲಿಗೆಗೆ ಚೆಲ್ಲುತ್ತಾ ಬಂದೆ. ಬಾಯಾರಿದಾಗ ಆ ಗಿಡದ ಮೇಲೆ ಹೊಟ್ಟೆಕಿಚ್ಚಾಗುತ್ತಿತ್ತು.

ಒಂದು ವಿಷಯದಲ್ಲಿ ಮಾತ್ರ ನಿಮ್ಮ ಮಾತು ಕೇಳಲಿಲ್ಲ. ಮಗಳು ಜ್ಯೋತಿಗೆ ಕುಂಭಾಶಿಯ ಸಂಬಂಧ ಬಂದಾಗ ನನ್ನ ಕಾಯಿಲೆ ಮುಚ್ಚಿಟ್ಟೆ. "ಹೇಳ್ದೆ ಇದ್ರೆ ಅವ್ರ ಮನೇಲಿ ಆಸ್ರಿ ಕುಡ್ದ್ ಕುಡ್ದೇ ಸಾಯ್ತೆ" ಅಂದಿರಿ. ಬೀಗರಿಗೆ ಬಾಯಾರಿಕೆಗೆ ಕೊಡದೆ ಯಾರು ಬಿಡುತ್ತಾರೆ? ಸಂಬಂಧ ಮುರಿದರೆ ಎಂಬ ಹೆದರಿಕೆ ನನಗೆ. ಅದಾಗಿ ಎರಡು ವಾರಕ್ಕೆ ನೀವೇ ಕಣ್ಣು ಮುಚ್ಚಿದಿರಿ.

ನೀವು ಹೋದ ಮೇಲೆ ಕುಂಭಾಶಿಗೆ, ಹುಡುಗನ ಮನೆಗೆ ಹೋಗಿದ್ದೆ. ಚಾವಡಿಯಲ್ಲಿ ಕೂರುವ ಮೊದಲೇ ಬೆಲ್ಲ, ನೀರು. ಹಿಂದೆಯೇ ಹುಡುಗನ ಅಮ್ಮ ದೊಡ್ಡ ಬೊಂಡ ಕೆತ್ತಿಸಿ ತಂದರು. "ಬಿಸ್ಲಲ್ಲಿ ಬಂದದ್ದ್, ಆಸ್ರಿಗೆ ತಕಣಿ." ಸೂಜಿ ಚುಚ್ಚಿಸಿಕೊಳ್ಳುವ ಕೈಯನ್ನು ಸೆರಗಿನೊಳಗೆ ಅಡಗಿಸಿದ್ದೆ; ಬೊಂಡ ಹಿಡಿಯಲು ಹೊರಗೆ ತೆಗೆಯಲೇಬೇಕಾಯಿತು. ನಿಮ್ಮ ಮಾತು ನೆನಪಾಗಿ ಎಲ್ಲ ಹೇಳಿಬಿಟ್ಟೆ.

ಅವರು ಬೊಂಡವನ್ನು ನನ್ನ ಕೈಯಿಂದ ತೆಗೆದುಕೊಂಡು ತಾವೇ ಕುಡಿದರು. "ಇಷ್ಟೇ ಅಲ್ದಾ? ನಿಮ್ಗೆ ಡಯಾಲಿಸಿಸ್ ಇಲ್ದಿದ್ ದಿನವೇ ಮದಿ ಇಡ್ವ" ಅಂದರು.

ಮೊನ್ನೆ ಮದುವೆ ಆಯಿತು, ಶೀನಣ್ಣ. ಮರುದಿನ ನನ್ನ ತೂಕ ಒಂದೇ ಕಿಲೋ ಏರಿತ್ತು, ನರ್ಸಮ್ಮ ನಂಬಲೇ ಇಲ್ಲ. ಇನ್ನೊಂದು ಹೇಳಬೇಕು. ಜ್ಯೋತಿಯ ಜಡೆ ತುಂಬ ಅಬ್ಬಲಿಗೆ. ಎಲ್ಲ ಹೂವೂ ನಮ್ಮ ಅಂಗಳದ್ದೇ, ನಾನು ಕುಡಿಯದೆ ಚೆಲ್ಲಿದ ನೀರಿನದು.

ನಿಮ್ಮ
ಗಿರಿಜಾ