ಎರಡು ಸೀಟಿ

ತೀರಿಕೊಂಡ ಮಗಳ ಶ್ವಾಸಕೋಶವನ್ನು ನನಗೆ ಕೊಟ್ಟ ಅಮ್ಮನಿಗೆ,

ಆಸ್ಪತ್ರೆಯ ಮೂಲಕ ನಿಮ್ಮ ಪತ್ರ ತಲುಪಿತು. ಅದರಲ್ಲಿ ನೀವು ಕೇಳಿರುವ ಕ್ಷಮೆಯನ್ನು ದಯವಿಟ್ಟು ವಾಪಸ್ ತೆಗೆದುಕೊಳ್ಳಿ. ನಿಮ್ಮಿಂದ ಮಗಳಿಗೆ ಬಂದ ಯಾವುದೋ ಜೀನ್‌ನಿಂದಾಗಿ ನನ್ನ ದೇಹ ಈ ಶ್ವಾಸಕೋಶವನ್ನು ನಿಧಾನವಾಗಿ ತಿರಸ್ಕರಿಸುವ ಅಪಾಯ ಹೆಚ್ಚಂತೆ. ಇರಲಿ ಬಿಡಿ.

"ಕಂಡಕ್ಟರ್ ಕೆಲಸ ಬಿಟ್ಟು ಮನೇಲಿರಮ್ಮ" ಅಂದರು ಡಾಕ್ಟರು. "ಮನೇಲಿ ಕೂತ್ರೆ ಜೀನ್ ಬದಲಾಗುತ್ತಾ ಸಾರ್?" ಅಂದೆ. ಅವರು ಪೆನ್ನಿಗೆ ಮುಚ್ಚಳ ಹಾಕಿದರು.

ಮಾತ್ರೆ ತಪ್ಪಿಸುವುದಿಲ್ಲ. ದಿನಾ ಬೆಳಿಗ್ಗೆ ಉಸಿರಿನ ಬಲ ಅಳೆಯುವ ಯಂತ್ರಕ್ಕೆ ಊದಿ, ಅಂಕಿ ಬರೆದಿಟ್ಟೇ ಬಸ್ಸು ಹತ್ತುತ್ತೇನೆ. ನಮ್ಮಲ್ಲಿ ಒಂದು ಸೀಟಿ ಊದಿದರೆ ನಿಲ್ಲು, ಎರಡು ಊದಿದರೆ ಹೊರಡು.

ಸೋಮವಾರ ಏಳೂವರೆಯ ಬಸ್ಸಿಗೆ ಬನ್ನಿ. ಕಿಟಕಿ ಪಕ್ಕದ ಜಾಗ ಹಿಡಿದಿಟ್ಟಿರುತ್ತೇನೆ. ನಿಮ್ಮ ಮಗಳು ಎರಡು ಸಲ ಊದುವುದನ್ನು ನೀವೇ ಕೇಳಿ.

ಇತಿ,
ಹನ್ನೆರಡನೇ ನಂಬರ್ ಬಸ್ಸಿನ ಕಂಡಕ್ಟರ್