ಚಿತ್ರದ ನಂತರ ಚರ್ಚೆ

ಮಾರ್ಚ್ ೩, ಬೆಳಿಗ್ಗೆ

ಹಾಲು ಉಕ್ಕಿತು. ಪೇಪರ್ ಓದುತ್ತ ನಿಂತರೆ ಇನ್ನೇನಾಗುತ್ತದೆ. ಹೆಂಡತಿ ತೀರಿಹೋದ ಮೇಲೆ ಒಲೆಯೂ ನನ್ನ ಮಾತು ಕೇಳುವುದಿಲ್ಲ.

ಸಂಜೆ ಫಿಲ್ಮ್ ಸೊಸೈಟಿ ಮೀಟಿಂಗ್. ಆ ಪೊಲೀಸ್ ಸಿನಿಮಾ ಹಾಕಬೇಕೋ ಬೇಡವೋ. ಹಾಕಲೇಬೇಕು. ಸರ್ಕಾರ ಕತ್ತರಿ ಆಡಿಸಿದಾಗ ಬೀದಿಗಿಳಿದವರು ನಾವು. ಈಗ ನಮಗೆ ಹಿಡಿಸದ ಚಿತ್ರಕ್ಕೆ ನಾವೇ ಕತ್ತರಿ ಹಿಡಿಯುವುದೇ? ಶುದ್ಧ ಸರ್ಕಾರಿ ಭಜನೆ, ಒಪ್ಪಿದೆ. ಅದಕ್ಕೇ ತೋರಿಸಬೇಕು, ಆಮೇಲೆ ಚರ್ಚೆಯಲ್ಲಿ ಅದರ ಬಣ್ಣ ಬಯಲು ಮಾಡಬೇಕು. ಡಿಬೇಟ್ ಈಸ್ ದಿ ಆಕ್ಸಿಜನ್ ಆಫ್... ಯಾವುದರದ್ದೋ. ಕಾಲೇಜಿನಲ್ಲಿ ಬಾಯಿಪಾಠವಿತ್ತು.

ಅದೇ ದಿನ, ಊಟವಾದ ಮೇಲೆ

ಗೆದ್ದೆ. ಕಾರ್ಯದರ್ಶಿ, ಆ ಹಲ್ಲಿನ ಡಾಕ್ಟರಮ್ಮ, ಹಿಂಜರಿದಳು. "ವಕೀಲರ ತಮ್ಮನ ಕಥೆನೇ ಅಲ್ವಾ ಸರ್? ಹೆಸರು ಬದಲಾಯಿಸಿದಾರೆ ಅಷ್ಟೆ."

ಹೌದು. ಗಿರಣಿ ಯೂನಿಯನ್ನಿನ ಹುಡುಗ. ಓಡಿಹೋಗುವಾಗ ಗುಂಡು ಹೊಡೆದೆವು ಎಂದಿತ್ತು ಪೊಲೀಸ್ ವರದಿ. ಸಿನಿಮಾದಲ್ಲಿ ಅವನೇ ಖಳ, ಹೊಡೆದವನೇ ಹೀರೋ.

"ಅದಕ್ಕೇ ವಕೀಲನೇ ಮಾತಾಡಬೇಕು" ಎಂದೆ.

ವಕೀಲ, ನನ್ನ ಸೊಸೈಟಿ ಗೆಳೆಯ, ಕನ್ನಡಕ ಒರೆಸುತ್ತ ಕೂತಿದ್ದ. "ಹಾಕಯ್ಯ, ಬೇಡ ಅನ್ನಲ್ಲ. ನಿನ್ನ ಸಿದ್ಧಾಂತಕ್ಕೆ ನಾನ್ಯಾಕೆ ಅಡ್ಡ ಬರ್ಲಿ. ನನ್ನ ಮಾತ್ರ ಕರೀಬೇಡ."

"ನೀನಿಲ್ದೆ ಚರ್ಚೆ ಹೇಗೋ?"

"ನೀನಿದೀಯಲ್ಲ. ಒಬ್ನೇ ನಾಲ್ಕು ಜನಕ್ಕೆ ಸಾಕು."

ಎಲ್ಲರೂ ನಕ್ಕರು. ನಾನೂ.

ಮಾರ್ಚ್ ೬

ವಕೀಲನ ಮನೆಗೇ ಹೋಗಿ ಪಟ್ಟು ಹಿಡಿದೆ. ಅವನ ಹೆಂಡತಿ ನನ್ನನ್ನು ಅಣ್ಣ ಎನ್ನುತ್ತಾಳೆ. "ಬಿಟ್ಬಿಡಿ ಅಣ್ಣ, ಆಮೇಲೆ ನಿದ್ದೆ ಮಾಡದೆ ಒದ್ದಾಡೋರು ಇವ್ರು" ಎಂದಳು. ನಾನು ಬಿಡುವವನೇ? "ಸುಮ್ಮನಿದ್ದರೆ ಆ ವರದಿಗೆ ನೀನೇ ಸಹಿ ಹಾಕಿಕೊಟ್ಟ ಹಾಗೆ" ಎಂದೆ. ಹೇಳುವಾಗ ಕಿವಿಗೆ ಚೆನ್ನಾಗಿತ್ತು.

ಬರುತ್ತೇನೆ ಎಂದ. ನನ್ನ ಮುಖ ನೋಡದೆ.

ಮಾರ್ಚ್ ೧೧

ಹಾಲ್ ತುಂಬಿತ್ತು. ಎಲ್ಲ ಹೊಸ ಮುಖ, ಸೊಸೈಟಿಯವರಲ್ಲ. ತೆರೆಯ ಮೇಲೆ ತಾರಸಿಯಿಂದ ತಾರಸಿಗೆ ಹಾರುತ್ತ ಓಡುವ ಹುಡುಗ, ಬೆನ್ನಿಗೆ ಗುಂಡು. ಶಿಳ್ಳೆ, ಚಪ್ಪಾಳೆ. ಪಕ್ಕದಲ್ಲಿ ವಕೀಲ ಅಲ್ಲಾಡಲಿಲ್ಲ.

ದೀಪ ಹಾಕಿದರು. ಮೈಕ್ ಅವನ ಕೈಗೆ ಕೊಟ್ಟೆ. ಎದ್ದು ನಿಂತ. ಕನ್ನಡಕ ತೆಗೆದು ಜೇಬಿಗಿಟ್ಟ. ಆಮೇಲೆ, "ಅವನ ಎಡಗಾಲು ಹುಟ್ಟಿದಾಗಿಂದ್ಲೇ ಸರಿ ಇರಲಿಲ್ಲ. ಅವನಿಗೆ ಓಡೋಕೆ ಬರ್ತಿರಲಿಲ್ಲ."

ಅಷ್ಟೇ. ಹಿಂದೆ ಯಾರೋ ಕಿಸಕ್ಕೆಂದರು.

ನಾನು... ಮೈಕ್ ತೆಗೆದುಕೊಂಡೆ. ಸೆನ್ಸಾರ್, ಅಭಿವ್ಯಕ್ತಿ, ಆಕ್ಸಿಜನ್, ಎಲ್ಲ ಬಂತು. ಹೆಂಡತಿ ಇದ್ದಿದ್ದರೆ ಹಿಂದಿನಿಂದ ಅಂಗಿ ಜಗ್ಗಿ ಕೂರಿಸುತ್ತಿದ್ದಳು. ಮುಗಿಸಿ ತಿರುಗಿದರೆ ಪಕ್ಕದ ಕುರ್ಚಿ ಖಾಲಿ.

ಮಾರ್ಚ್ ೨೯

ವಕೀಲ ಫೋನ್ ಎತ್ತುವುದಿಲ್ಲ. ನೊಂದಿದ್ದಾನೆ, ಸಿನಿಮಾ ಹಾಗಿತ್ತು ಎಂದುಕೊಂಡಿದ್ದೆ. ಇವತ್ತು ಹಲ್ಲು ತೋರಿಸಲು ಹೋದಾಗ ಡಾಕ್ಟರಮ್ಮ ಹೇಳಿದಳು, "ಸರ್, ಅವರು ಇನ್ನೂ ನಿಂತೇ ಇದ್ರು. ಇನ್ನೇನೋ ಹೇಳೋರಿದ್ರು. ನೀವು ಮೈಕ್ ಕಿತ್ಕೊಂಡ್ರಿ."

ಬಾಯಿ ತೆರೆದೇ ಇತ್ತು, ಉತ್ತರ ಕೊಡುವ ಹಾಗಿರಲಿಲ್ಲ.

ಆ ಹುಡುಗನ ಸಾವಿನ ಮೇಲೆ ಎಷ್ಟು ಲೇಖನ ಬರೆದೆ, ಎಷ್ಟು ಭಾಷಣ ಬಿಗಿದೆ. ಕಾಲಿನ ವಿಷಯ ಗೊತ್ತೇ ಇರಲಿಲ್ಲ. ಆನ್ ಪ್ರಿನ್ಸಿಪಲ್, ಸಿದ್ಧಾಂತಕ್ಕಾಗಿ, ಬರೆಯುವವನಿಗೆ ಕಾಲು ಯಾಕೆ ಬೇಕು.

ಏಪ್ರಿಲ್ ೨

ಹೋದೆ. ಅವನೇ ಬಾಗಿಲು ತೆರೆದ. "ಚರ್ಚೆಗೆ ಬಂದ್ಯಾ?"

"ಇಲ್ಲ ಕಣೋ. ನಿನ್ನ ತಮ್ಮ ಹೇಗಿದ್ದ ಅಂತ ಕೇಳೋಣ ಅಂತ."

ಬಾಗಿಲು ಹಿಡಿದೇ ನಿಂತ. ಆಮೇಲೆ ದಾರಿ ಬಿಟ್ಟ. ಟೀ ಬಂತು. ತಾನಾಗಿಯೇ ಶುರು ಮಾಡಿದ. ತಮ್ಮನಿಗೆ ಪೆಡಲ್ ತುಳಿಯಲು ಆಗುತ್ತಿರಲಿಲ್ಲ, ಇವನು ಸೈಕಲ್ಲಿನ ಮುಂದೆ ಕೂರಿಸಿಕೊಂಡು ಶಾಲೆಗೆ ಒಯ್ಯುತ್ತಿದ್ದ. ಬೆಲ್ ಬಾರಿಸುವುದು ಮಾತ್ರ ತಮ್ಮನ ಕೆಲಸ, ಇವನು ಮುಟ್ಟುವಂತಿಲ್ಲ. ಹೇಳುತ್ತ ನಕ್ಕ. ಎಷ್ಟು ದಿನವಾಗಿತ್ತು ಆ ನಗು ನೋಡಿ. ಒಂದು ದಿನ ಇಳಿಜಾರಿನಲ್ಲಿ ಬ್ರೇಕ್ ಹಿಡಿಯಲಿಲ್ಲವಂತೆ, ಎದುರಿಗೆ ಲಾರಿ, ತಮ್ಮ ಬೆಲ್ ಮೇಲಿನ ಕೈ ತೆಗೆಯದೆ ಹಿಂದೆ ತಿರುಗಿ ಇವನಿಗೆ ಏನೋ ಅಂದನಂತೆ. ಏನಂದ ಎಂದು ಹೇಳುವಷ್ಟರಲ್ಲಿ ನಾನು, ಅದನ್ನೇ ನೋಡು ಸಿನಿಮಾದವರು ತೋರಿಸಬೇಕಿತ್ತು, ಅಂತ ಮತ್ತೆ ಬಾಯಿ ಹಾಕಿದೆ. ಅವನು ಖಾಲಿ ಲೋಟ ಎತ್ತಿಕೊಂಡು ಒಳಗೆ ಹೋದ.